ಅಲೆಯೂ ಬಿಂದುವೂ: ಕಂಡಷ್ಟರಿಂದ ಹೇಳಬಹುದಾದುದೆಷ್ಟು?

ನಮ್ಮ ಬಸದಿಗಳಲ್ಲಿ ಮುನಿಮಹಾರಾಜರ ಪ್ರವಚನಗಳನ್ನು ಧ್ವನಿಮುದ್ರಿಸಿ ಇಟ್ಟುಕೊಳ್ಳುವ ಪದ್ಧತಿ ಈಗ ಸಾಮಾನ್ಯವಾಗಿದೆ. ಚಾತುರ್ಮಾಸ ಮುಗಿದು ಮಹಾರಾಜರು ವಿಹಾರಗೈದ ಮೇಲೂ ಶ್ರಾವಕರು ಆ ವಾಣಿಯನ್ನು ಮನೆಯಲ್ಲಿ ಕುಳಿತು ಕೇಳುತ್ತಾರೆ. ಧ್ವನಿಯಲ್ಲಿ ಎಲ್ಲಿಯೂ ಬಿರುಕಿಲ್ಲ. ಎದುರಿಗೆ ಕುಳಿತು ಆಲಿಸಿದಂತೆಯೇ ಅದು ಅಖಂಡವಾಗಿ ಹರಿಯುತ್ತದೆ. ಆದರೆ ಯಂತ್ರವು ಆ ಧ್ವನಿಯನ್ನು ಅಖಂಡವಾಗಿ ಹಿಡಿದಿಟ್ಟಿರುವುದಿಲ್ಲ. ಧ್ವನಿಯೆಂಬುದು ಗಾಳಿಯ ಒತ್ತಡದ ಏರಿಳಿತ, ಒಂದು ನುಣುಪಾದ ಅಲೆ. ಕಾಂಪ್ಯಾಕ್ಟ್ ಡಿಸ್ಕಿನ ಪದ್ಧತಿಯಲ್ಲಿ ಆ ಅಲೆಯ ಎತ್ತರವನ್ನು ಒಂದು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಆ ಅಂಕೆಗಳನ್ನಷ್ಟೇ ಬರೆದಿಡುತ್ತಾರೆ. ಎರಡು ಅಳತೆಗಳ ನಡುವೆ ಅಲೆಯು ಏನು ಮಾಡಿತೆಂಬುದನ್ನು ಬರೆಯುವುದೇ ಇಲ್ಲ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಆ ಡಿಸ್ಕಿಗಾಗಿ ಗೊತ್ತುಪಡಿಸಿದ ಈ ಸಂಖ್ಯೆ ಸಂಗೀತದ ಮುದ್ರಣದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಬಿಡಿಬಿಡಿಯಾದ ಬಿಂದುಗಳಿಂದ ಅಖಂಡವಾದ ಅಲೆ ಮರಳಿ ಬರುವುದು ಹೇಗೆ? ಇದು ಇಂಜಿನಿಯರುಗಳ ಪ್ರಶ್ನೆ. ಆದರೆ ವ್ಯವಹಾರದಲ್ಲಿರುವ ಗೃಹಸ್ಥನಿಗೂ ಇದು ಬೇರೊಂದು ರೂಪದಲ್ಲಿ ದಿನನಿತ್ಯ ಎದುರಾಗುತ್ತದೆ. ನಾವು ಯಾವ ಮನುಷ್ಯನನ್ನೂ ಎಡೆಬಿಡದೆ ಕಾಣುವುದಿಲ್ಲ. ಮಗನನ್ನು ಊಟದ ಹೊತ್ತಿನಲ್ಲಿ ಕಾಣುತ್ತೇವೆ, ನೌಕರನನ್ನು ಕೆಲಸದ ಹೊತ್ತಿನಲ್ಲಿ, ಬೀಗರನ್ನು ಹಬ್ಬಹರಿದಿನಗಳಲ್ಲಿ, ಬಸದಿಯ ಸಮಿತಿಯವರನ್ನು ಸಭೆಯ ದಿನದಲ್ಲಿ. ಹೀಗೆ ಕಂಡ ಕೆಲವೇ ಬಿಂದುಗಳನ್ನು ಮನಸ್ಸಿನಲ್ಲಿ ಗೆರೆ ಎಳೆದು ಕೂಡಿಸಿ, ‘ಈತನು ಇಂಥವನು’ ಎಂದುಬಿಡುತ್ತೇವೆ. ಹಾಗೆ ಹೇಳುವ ಅಧಿಕಾರ ನಮಗೆ ಎಷ್ಟರಮಟ್ಟಿಗೆ ಇದೆ? ಈ ಲೇಖನದ ವಿಷಯ ಇಷ್ಟೇ.

ಮೊದಲಿಗೇ ಒಂದು ಮಾತು. ಆಧುನಿಕ ವಿಜ್ಞಾನದ ಈ ಪ್ರಮೇಯವನ್ನು ನಮ್ಮ ಆಚಾರ್ಯರು ಆಗಲೇ ಅರಿತಿದ್ದರೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಶಾಸ್ತ್ರಕ್ಕೆ ಅಂಥ ಊರುಗೋಲು ಬೇಕಿಲ್ಲ; ವಿಜ್ಞಾನಕ್ಕೂ ಬೇಕಿಲ್ಲ. ಒಂದು ಕ್ಷೇತ್ರದ ಪ್ರಾಮಾಣಿಕತೆ ಇನ್ನೊಂದು ಕ್ಷೇತ್ರದ ಪ್ರಾಮಾಣಿಕತೆಗೆ ಕನ್ನಡಿ ಹಿಡಿಯಬಹುದೆಂಬುದಷ್ಟೇ ನನ್ನ ನಂಬಿಕೆ.

ಪ್ರಮೇಯವೂ ಅದರ ಷರತ್ತೂ

ಬಿಂದುಗಳಿಂದ ಅಲೆಯನ್ನು ಮರಳಿ ಪಡೆಯುವ ಗಣಿತವನ್ನು ಒಬ್ಬರಲ್ಲ, ಹಲವರು ಬೇರೆ ಬೇರೆ ದಾರಿಯಿಂದ ಕಂಡುಕೊಂಡರು. ೧೯೧೫ರಲ್ಲಿ ಬ್ರಿಟನ್ನಿನ ಗಣಿತಜ್ಞ ವಿಟ್ಟೇಕರ್ ಅವರು ಇದರ ಗಣಿತವನ್ನು ವಿವೇಚಿಸಿದರು. ೧೯೨೮ರಲ್ಲಿ ಅಮೆರಿಕದಲ್ಲಿ ಹ್ಯಾರಿ ನೈಕ್ವಿಸ್ಟ್ ಅವರು ತಂತಿ ಸಂದೇಶಗಳ ವೇಗಕ್ಕಿರುವ ಮಿತಿಯನ್ನು ಕುರಿತು ಬರೆದರು. ೧೯೩೩ರಲ್ಲಿ ರಷ್ಯದ ಕೊಟೆಲ್ನಿಕೊವ್, ೧೯೪೯ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಇವರು ಇದನ್ನು ಸಂದೇಶ ರವಾನೆಯ ಸಿದ್ಧಾಂತವಾಗಿ ಸ್ಪಷ್ಟ ರೂಪದಲ್ಲಿ ನಿರೂಪಿಸಿದರು.

ಪ್ರಮೇಯದ ಸಾರ ಹೀಗಿದೆ. ಎಂಥ ಜಟಿಲವಾದ ಅಲೆಯೂ ನಿಧಾನವಾದ ಮತ್ತು ವೇಗವಾದ ಅನೇಕ ಸರಳ ಕಂಪನಗಳ ಮೊತ್ತ. ಆ ಕಂಪನಗಳಲ್ಲಿ ಅತ್ಯಂತ ವೇಗವಾದುದು ಯಾವುದೋ, ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಸಮಾನ ಅಂತರದಲ್ಲಿ ಅಲೆಯನ್ನು ಅಳೆದರೆ, ಆ ಅಳತೆಗಳಿಂದಲೇ ಇಡೀ ಅಲೆಯನ್ನು ಮರಳಿ ರಚಿಸಬಹುದು. ಸುಮಾರಾಗಿ ಅಲ್ಲ, ಪೂರ್ತಿಯಾಗಿ. ನಡುವಿನ ಯಾವ ಅಂಶವೂ ನಷ್ಟವಾಗುವುದಿಲ್ಲ. ಏಕೆಂದರೆ ಅಲೆಯು ಆ ಮಿತಿಯನ್ನು ಮೀರಿ ಚಪಲವಾಗಿಲ್ಲವೆಂದು ಮೊದಲೇ ತಿಳಿದಿದ್ದರೆ, ಆ ಎಲ್ಲ ಬಿಂದುಗಳ ಮೂಲಕ ಹಾಯಬಲ್ಲ ಅಲೆ ಒಂದೇ ಒಂದು. ಎರಡನೆಯದಕ್ಕೆ ಅವಕಾಶವೇ ಇಲ್ಲ. ಮನುಷ್ಯನ ಕಿವಿಗೆ ಕೇಳಿಸುವ ಕಂಪನಗಳ ಮೇಲಿನ ಎಲ್ಲೆ ಸೆಕೆಂಡಿಗೆ ಸುಮಾರು ೨೦,೦೦೦. ಅದರ ಎರಡು ಪಟ್ಟು ೪೦,೦೦೦. ೪೪,೧೦೦ ಎಂಬುದು ಅದಕ್ಕಿಂತ ತುಸು ಹೆಚ್ಚು. ದೂರವಾಣಿಯಲ್ಲಿ ಮಾತು ತಿಳಿದರೆ ಸಾಕಾದುದರಿಂದ ಧ್ವನಿಯನ್ನು ಸುಮಾರು ೩,೪೦೦ ಕಂಪನಗಳಿಗೆ ಮಿತಗೊಳಿಸಿ, ಸೆಕೆಂಡಿಗೆ ೮,೦೦೦ ಸಲ ಅಳೆಯುವ ಪದ್ಧತಿ ಬಂದಿತು.

ಇಲ್ಲಿಯವರೆಗೆ ಇದು ಭರವಸೆಯ ಮಾತು. ಬಿಂದುಗಳನ್ನಷ್ಟೇ ಕಾಣುವವನೂ ಅಖಂಡ ಸತ್ಯವನ್ನು ತಿಳಿಯಬಹುದು. ಆದರೆ ಷರತ್ತನ್ನು ಮರೆತರೆ ಆಗುವುದೇನು?

ಸೆಕೆಂಡಿಗೆ ೧,೦೦೦ ಸಲ ಕಂಪಿಸುವ ಅಲೆಯನ್ನು ಸೆಕೆಂಡಿಗೆ ೧,೦೦೦ ಸಲವೇ ಅಳೆದೆವೆನ್ನಿ. ಪ್ರತಿ ಸಲವೂ ಅಲೆಯು ಒಂದು ಪೂರ್ಣ ಸುತ್ತು ಮುಗಿಸಿ ಅದೇ ಸ್ಥಾನಕ್ಕೆ ಬಂದಿರುತ್ತದೆ. ನಮ್ಮ ಪುಸ್ತಕದಲ್ಲಿ ಒಂದೇ ಅಂಕೆ ಸಾವಿರ ಸಲ ದಾಖಲಾಗುತ್ತದೆ. ಅದನ್ನು ನೋಡಿದವನು ‘ಇಲ್ಲಿ ಅಲೆಯೇ ಇಲ್ಲ, ನಿಶ್ಚಲವಾದ ನೀರಿದೆ’ ಎನ್ನುವನು. ಸರಿಯಾಗಿ ಎರಡು ಪಟ್ಟು ಅಳೆದರೂ ಸಾಲದು. ಅಲೆಯು ಏರುವಾಗ ಮತ್ತು ಇಳಿಯುವಾಗ ಸಮಮಟ್ಟವನ್ನು ದಾಟುವ ಕ್ಷಣಗಳಲ್ಲಿಯೇ ನಮ್ಮ ಅಳತೆ ಬಿದ್ದರೆ ಎಲ್ಲ ಅಂಕೆಗಳೂ ಸೊನ್ನೆಯೇ ಆಗುತ್ತವೆ. ಇನ್ನೊಂದು ಉದಾಹರಣೆ: ಸೆಕೆಂಡಿಗೆ ೩೦,೦೦೦ ಸಲ ಕಂಪಿಸುವ, ಕಿವಿಗೆ ಕೇಳಿಸದ ಧ್ವನಿಯೊಂದು ಹಾಗೆಯೇ ಒಳನುಗ್ಗಿ, ಅದನ್ನು ೪೪,೧೦೦ ಸಲ ಅಳೆದರೆ, ಅಂಕೆಗಳಲ್ಲಿ ಅದು ೧೪,೧೦೦ ಕಂಪನದ ಧ್ವನಿಯಾಗಿ ಕಾಣಿಸಿಕೊಳ್ಳುತ್ತದೆ. ಕೇಳಿಸಬಾರದಿದ್ದುದು ಕೀರಲು ಶಿಳ್ಳೆಯಾಗಿ ಕೇಳಿಸುತ್ತದೆ. ಚಲನಚಿತ್ರದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ಸೆಕೆಂಡಿಗೆ ೨೪ ಚಿತ್ರಗಳನ್ನಷ್ಟೇ ತೆಗೆಯುವ ಕ್ಯಾಮರಾದ ಮುಂದೆ, ಒಂದೇ ಗುರುತುಳ್ಳ ಚಕ್ರವು ಸೆಕೆಂಡಿಗೆ ೨೩ ಸುತ್ತು ಮುಂದಕ್ಕೆ ತಿರುಗಿದರೆ, ಪರದೆಯ ಮೇಲೆ ಅದು ಸೆಕೆಂಡಿಗೆ ಒಂದು ಸುತ್ತು ಹಿಂದಕ್ಕೆ ತಿರುಗುತ್ತದೆ. ಅಲ್ಲಿಯೂ ನಡೆಯುವುದು ಇದೇ.

ಇಂಗ್ಲಿಷಿನಲ್ಲಿ ಇದನ್ನು ಏಲಿಯಾಸಿಂಗ್ ಎನ್ನುತ್ತಾರೆ. ಏಲಿಯಾಸ್ ಎಂದರೆ ನಮ್ಮ ಕ್ರಯಪತ್ರಗಳಲ್ಲಿ ಬರುವ ‘ಉರುಫ್’. ಒಬ್ಬನೇ ಬೇರೊಂದು ಹೆಸರಿನಲ್ಲಿ ತೋರಿಕೊಳ್ಳುವುದು. ಇದರಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಒಮ್ಮೆ ಅಂಕೆಗಳು ಪುಸ್ತಕಕ್ಕೆ ಬಂದ ಮೇಲೆ ಅವುಗಳನ್ನು ಎಷ್ಟೇ ಪರಿಶೀಲಿಸಿದರೂ ನಿಜವಾದ ೧೪,೧೦೦ರ ಕಂಪನ ಯಾವುದು, ವೇಷ ತೊಟ್ಟ ೩೦,೦೦೦ದ ಕಂಪನ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಅಂಕೆಗಳಲ್ಲಿ ತಪ್ಪಿಲ್ಲ. ಪ್ರತಿಯೊಂದು ಅಳತೆಯೂ ಸತ್ಯ. ಆದರೂ ಅವು ಕೂಡಿ ಹೇಳುವ ಮಾತು ಸುಳ್ಳು.

ಐವತ್ತು ಸಲ ಕಂಡ ಒಂದು ಬಿಂದು

ಪ್ರತಿಯೊಂದು ಅಳತೆಯೂ ಸತ್ಯವಾಗಿದ್ದು ಒಟ್ಟು ತೀರ್ಮಾನ ಸುಳ್ಳಾಗುವುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ದಿನಸಿ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರೊಬ್ಬರಿದ್ದರು. ನಾನು ಬೆಳಗ್ಗೆ ಪೂಜೆ ಮುಗಿಸಿ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗಿ, ಖರೀದಿ ಮುಗಿಸಿಕೊಂಡು ಸಂಜೆ ನಾಲ್ಕರ ಸುಮಾರಿಗೆ ಮಂಡಿಗೆ ಬರುತ್ತಿದ್ದೆ. ಸೂರ್ಯಾಸ್ತಕ್ಕೆ ಮುನ್ನ ಊಟವಾಗಬೇಕಾದುದರಿಂದ ಐದೂವರೆಗೆ ಮನೆಗೆ ಹೊರಟುಬಿಡುತ್ತಿದ್ದೆ. ಒಂದು ವರ್ಷ, ಎರಡು ತಿಂಗಳ ಕಾಲ, ನಾನು ಬಂದಾಗಲೆಲ್ಲ ಗುಮಾಸ್ತರ ಸ್ಥಾನ ಬರಿದಾಗಿತ್ತು. ಮೊದಲು ಸುಮ್ಮನಿದ್ದೆ. ಆಮೇಲೆ ಮನಸ್ಸಿನಲ್ಲಿಯೇ ಎಣಿಸತೊಡಗಿದೆ. ಐವತ್ತು ದಿನ ನೋಡಿದೆ. ಐವತ್ತು ದಿನವೂ ಅವರಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಒಂದು ದಿನ ಊಟದ ಹೊತ್ತು ಮೀರಿದರೂ ಕಾದು ಕುಳಿತೆ. ಅವರು ಆರು ಗಂಟೆಗೆ ಬಂದರು. ಗಿರಾಕಿಗಳ ಎದುರಿಗೇ, ‘ಸಂಬಳ ಪೂರ್ತಿ, ಕೆಲಸ ಅರ್ಧ, ನಾಳೆಯಿಂದ ಬರುವುದು ಬೇಡ’ ಎಂದೆ. ಅವರು ತಲೆ ತಗ್ಗಿಸಿ ನಿಂತರು. ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೋದರು.

ಹೊಸಬರಿಗೆ ಪುಸ್ತಕಗಳನ್ನು ಒಪ್ಪಿಸಲು ತೆರೆದಾಗ ನನಗೆ ಆಶ್ಚರ್ಯವಾಯಿತು. ಕಿರ್ದಿಯು ಹಿಂದಿನ ದಿನದವರೆಗೆ ಒಂದು ಬಾಬೂ ಬಿಡದೆ ಬರೆದಿತ್ತು. ಖಾತೆಗಳೆಲ್ಲ ಮೇಳಬಿದ್ದಿದ್ದವು. ಅರ್ಧ ಕೆಲಸ ಮಾಡುವವರ ಪುಸ್ತಕ ಹಾಗಿರುವುದಿಲ್ಲ. ಹಮಾಲಿಯವನನ್ನು ಕೇಳಿದೆ. ಗುಮಾಸ್ತರ ಪತ್ನಿ ಆಸ್ಪತ್ರೆಯಲ್ಲಿದ್ದರು. ರೋಗಿಗಳನ್ನು ನೋಡಲು ಬಿಡುವ ಸಮಯ ನಾಲ್ಕರಿಂದ ಆರರವರೆಗೆ. ಅಷ್ಟು ಹೊತ್ತು ಅಲ್ಲಿದ್ದು, ಆರಕ್ಕೆ ಮಂಡಿಗೆ ಮರಳಿ, ರಾತ್ರಿ ಒಂಬತ್ತರವರೆಗೆ ಕುಳಿತು ಆ ದಿನದ ಲೆಕ್ಕ ಮುಗಿಸಿ ಬಾಗಿಲು ಹಾಕುತ್ತಿದ್ದರು. ಬೆಳಗ್ಗೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬರುತ್ತಿದ್ದರು. ಬೆಳಗ್ಗೆ ನಾನಿರುತ್ತಿರಲಿಲ್ಲ, ರಾತ್ರಿಯೂ ನಾನಿರುತ್ತಿರಲಿಲ್ಲ.

ಅವರ ಮನೆಗೆ ಹೋದಾಗ ಬಾಗಿಲಿಗೆ ಬೀಗವಿತ್ತು. ಪತ್ನಿಯನ್ನು ಅವರ ತವರೂರಿಗೆ ಕರೆದೊಯ್ದಿದ್ದರು. ಮರುವರ್ಷ ಕ್ಷಮಾವಣಿಯ ದಿನ ವಿಳಾಸ ಹುಡುಕಿಕೊಂಡು ಆ ಊರಿಗೆ ಹೋದೆ. ಆ ವೇಳೆಗೆ ಆಕೆ ಇರಲಿಲ್ಲ. ನಾನು ಕ್ಷಮೆ ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ‘ನೀವು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ, ಯಜಮಾನರೇ. ನಾನಾಗಿ ಹೇಳಲು ಸಂಕೋಚವಾಯಿತು’ ಎಂದಷ್ಟೇ ಹೇಳಿದರು.

ಐವತ್ತು ಸಲ ಕಂಡೆನೆಂಬುದು ನನ್ನ ಧೈರ್ಯವಾಗಿತ್ತು. ಆದರೆ ದಿನಕ್ಕೊಮ್ಮೆ ಆವರ್ತಿಸುವ ಬದುಕನ್ನು ದಿನಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ನೋಡಿದವನು ಐವತ್ತು ಬಿಂದುಗಳನ್ನು ಕಂಡಿರುವುದಿಲ್ಲ. ಒಂದೇ ಬಿಂದುವನ್ನು ಐವತ್ತು ಸಲ ಕಂಡಿರುತ್ತಾನೆ. ಅದು ಐವತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಐವತ್ತು ನಕಲುಗಳು. ಸಾವಿರ ಸಲ ಕಂಪಿಸುವ ಅಲೆಯನ್ನು ಸಾವಿರ ಸಲವೇ ಅಳೆದು ನಿಶ್ಚಲವೆಂದವನ ತಪ್ಪಿಗೂ ನನ್ನ ತಪ್ಪಿಗೂ ಭೇದವಿಲ್ಲ. ಭೇದವಿರುವುದು ಫಲದಲ್ಲಿ. ಅವನ ತಪ್ಪಿನಿಂದ ಒಂದು ಧ್ವನಿ ಕೆಡುತ್ತದೆ. ನನ್ನ ತಪ್ಪಿನಿಂದ, ಪತ್ನಿ ಹಾಸಿಗೆ ಹಿಡಿದಿದ್ದ ಹೊತ್ತಿನಲ್ಲಿ ಒಬ್ಬ ಮನುಷ್ಯನ ಸಂಬಳ ನಿಂತಿತು.

ಅವಗ್ರಹದಿಂದ ಅವಾಯಕ್ಕೆ ನೆಗೆತ

ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತದೆ: ಅವಗ್ರಹ, ಈಹಾ, ಅವಾಯ, ಧಾರಣಾ. ವಸ್ತುವಿನ ಪ್ರಥಮ ಗ್ರಹಣವೇ ಅವಗ್ರಹ; ಅದರ ವಿಶೇಷವನ್ನು ತಿಳಿಯಲು ಹೊರಡುವ ಪ್ರವೃತ್ತಿ ಈಹಾ; ನಿಶ್ಚಯವು ಅವಾಯ; ಮರೆಯದಂತೆ ಹಿಡಿದಿಡುವುದು ಧಾರಣಾ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನ ಕೊಟ್ಟಿದ್ದಾರೆ. ದೂರದಲ್ಲಿ ಬೆಳ್ಳಗಿನದೇನೋ ಕಂಡಿತು. ಅದು ಬೆಳ್ಳಕ್ಕಿಯೋ, ಬಾವುಟವೋ? ಈ ವಿಚಾರಣೆ ಈಹಾ. ಅದು ಮೇಲೇರುವುದನ್ನೂ ಕೆಳಗಿಳಿಯುವುದನ್ನೂ ರೆಕ್ಕೆ ಬಡಿಯುವುದನ್ನೂ ನೋಡಿದ ಮೇಲೆ ಬೆಳ್ಳಕ್ಕಿಯೇ ಎಂಬ ನಿಶ್ಚಯ ಹುಟ್ಟುತ್ತದೆ.

ಈ ನಿದರ್ಶನದಲ್ಲಿ ನಿಶ್ಚಯಕ್ಕೆ ಕಾರಣವಾದುದು ಬಿಳಿಯ ಬಣ್ಣವಲ್ಲ, ಏರಿಳಿತ. ಬಣ್ಣವು ಒಂದು ಕ್ಷಣದಲ್ಲಿ ಕಾಣುತ್ತದೆ. ಏರಿಳಿತ ಕಾಣಬೇಕಾದರೆ ಕಾದು ನೋಡಬೇಕು, ಹಲವು ಕ್ಷಣಗಳನ್ನು ಜೋಡಿಸಿ ನೋಡಬೇಕು. ನಾನು ಮಾಡಿದ ಅಪರಾಧವೇನೆಂದು ಈಗ ಶಾಸ್ತ್ರದ ಮಾತಿನಲ್ಲಿಯೇ ಹೇಳಬಲ್ಲೆ. ಅವಗ್ರಹದಿಂದ ನೇರವಾಗಿ ಅವಾಯಕ್ಕೆ ನೆಗೆದೆ. ನಡುವಿನ ಮೆಟ್ಟಿಲಾದ ಈಹೆಯನ್ನು, ಅಂದರೆ ‘ಎಲ್ಲಿಗೆ ಹೋಗಿದ್ದಿರಿ?’ ಎಂಬ ಒಂದು ಪ್ರಶ್ನೆಯನ್ನು, ಬಿಟ್ಟೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೀಗಾದರೆ ಯಾರನ್ನು ಕುರಿತೂ ಏನನ್ನೂ ನಿರ್ಣಯಿಸುವಂತಿಲ್ಲವಲ್ಲ, ವ್ಯವಹಾರ ನಡೆಯುವುದೆಂತು? ಆಕ್ಷೇಪ ಯುಕ್ತವಾದುದೇ. ಆದರೆ ಪ್ರಮೇಯವು ಹಾಗೆ ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಬಿಂದುಗಳಿಂದ ಏನೂ ತಿಳಿಯದೆಂದು ಅದು ಕೈ ಚೆಲ್ಲುವುದಿಲ್ಲ. ಇಷ್ಟು ಬಿಂದುಗಳಿಂದ ಇಷ್ಟು ತಿಳಿಯುತ್ತದೆ, ಇದಕ್ಕಿಂತ ಹೆಚ್ಚಿಲ್ಲ ಎಂದು ಎಲ್ಲೆ ಹಾಕುತ್ತದೆ. ಆದುದರಿಂದಲೇ ಧ್ವನಿಮುದ್ರಣ ಯಂತ್ರದಲ್ಲಿ ಅಳತೆಗೆ ಮೊದಲೇ ಒಂದು ಶೋಧಕವನ್ನು ಇಟ್ಟಿರುತ್ತಾರೆ. ಯಂತ್ರದ ಅಳತೆಗೆ ನಿಲುಕದಷ್ಟು ವೇಗವಾದ ಕಂಪನಗಳನ್ನು ಅದು ಒಳಗೆ ಬಿಡುವುದಿಲ್ಲ. ಈ ಕೆಲಸ ಅಳತೆಗೆ ಮೊದಲೇ ಆಗಬೇಕು. ಆಮೇಲೆ ಮಾಡಿ ಪ್ರಯೋಜನವಿಲ್ಲ. ವೇಷಧಾರಿಯು ಆಗಲೇ ಪುಸ್ತಕದಲ್ಲಿ ಸೇರಿಕೊಂಡಿರುತ್ತಾನೆ.

ನಮ್ಮ ವಾಣಿಗೆ ಅಂಥ ಶೋಧಕವೊಂದು ಇದೆ. ಅದು ‘ಸ್ಯಾತ್’ ಪದ. ಅನೇಕರು ಇದನ್ನು ‘ಇರಬಹುದು, ಇಲ್ಲದಿರಬಹುದು’ ಎಂಬ ಸಂಶಯವೆಂದು ತಪ್ಪಾಗಿ ತಿಳಿಯುತ್ತಾರೆ. ಸ್ಯಾತ್ ಎಂದರೆ ಕಥಂಚಿತ್, ಒಂದು ಅಪೇಕ್ಷೆಯಿಂದ ಎಂದರ್ಥ. ಅದು ಮಾತನ್ನು ಸಡಿಲಗೊಳಿಸುವುದಿಲ್ಲ, ನಿಖರಗೊಳಿಸುತ್ತದೆ. ‘ಸಂಜೆ ನಾಲ್ಕರಿಂದ ಐದೂವರೆಯವರೆಗೆ ಇವರು ಸ್ಥಾನದಲ್ಲಿರುವುದಿಲ್ಲ’ ಎಂದು ನಾನು ಹೇಳಿದ್ದರೆ ಅದು ನಿಶ್ಚಿತವಾದ ಸತ್ಯವಾಗುತ್ತಿತ್ತು. ಅದರಲ್ಲಿ ಸಂಶಯದ ಲೇಶವೂ ಇರುತ್ತಿರಲಿಲ್ಲ. ‘ಇವರು ಅರ್ಧ ಕೆಲಸದವರು’ ಎಂದುದು ಸುಳ್ಳಾಯಿತು. ಮೊದಲನೆಯ ಮಾತು ಕಂಡಷ್ಟನ್ನು ಹೇಳುತ್ತದೆ. ಎರಡನೆಯದು ಕಾಣದ ಹೊತ್ತನ್ನೂ ತನ್ನ ಗೆರೆಯಿಂದ ತುಂಬುತ್ತದೆ. ಒಂದು ಪರ್ಯಾಯವನ್ನು ಕಂಡು ದ್ರವ್ಯವನ್ನೇ ಕಂಡೆನೆನ್ನುವುದು ಏಕಾಂತ. ಅದಕ್ಕೆ ದೊಡ್ಡ ದರ್ಶನಗಳ ವಾದವೇ ಬೇಕಿಲ್ಲ; ಒಂದು ಮಂಡಿಯ ಮೂಲೆಯೂ ಸಾಕು.

ನಮ್ಮನ್ನೇ ನಾವು ಅಳೆಯುವಾಗ

ಪರರನ್ನು ಕಾಣುವುದರಲ್ಲಿ ಇಷ್ಟು ತೊಡಕಿದ್ದರೆ ತನ್ನನ್ನು ತಾನು ಕಾಣುವುದು ಸುಲಭವೆ? ಚಿತ್ತವು ಎಂಥ ಅಲೆ ಎಂಬುದನ್ನು ಬಲ್ಲವರು ಬಲ್ಲರು. ಮೂಲಾಚಾರದಲ್ಲಿ ಏಳು ಬಗೆಯ ಪ್ರತಿಕ್ರಮಣಗಳನ್ನು ಹೇಳಿದೆ: ದೈವಸಿಕ, ರಾತ್ರಿಕ, ಐರ್ಯಾಪಥಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ, ಉತ್ತಮಾರ್ಥ. ಹಗಲಿಗೊಂದು, ರಾತ್ರಿಗೊಂದು, ನಡೆದಾಡಿದ್ದಕ್ಕೊಂದು, ಪಕ್ಷಕ್ಕೊಂದು, ನಾಲ್ಕು ತಿಂಗಳಿಗೊಂದು, ವರ್ಷಕ್ಕೊಂದು, ಕೊನೆಗೆ ಜೀವಮಾನಕ್ಕೊಂದು.

ಅದೇ ಗ್ರಂಥದಲ್ಲಿ ಇನ್ನೊಂದು ಸಂಗತಿಯಿದೆ. ನಡುವಿನ ೨೨ ತೀರ್ಥಂಕರರ ಶಿಷ್ಯರು ದೋಷವಾದಾಗ ಮಾತ್ರ ಪ್ರತಿಕ್ರಮಣ ಮಾಡುತ್ತಿದ್ದರು. ಪ್ರಥಮ ಮತ್ತು ಅಂತಿಮ ತೀರ್ಥಂಕರರ ಶಾಸನದಲ್ಲಾದರೋ ದೋಷವಾಗಲಿ ಬಿಡಲಿ, ನಿಯತ ಕಾಲದಲ್ಲಿ ಪ್ರತಿಕ್ರಮಣ ಮಾಡಲೇಬೇಕು. ಕಾರಣವನ್ನೂ ಅಲ್ಲಿಯೇ ಹೇಳಿದೆ: ನಡುವಿನವರು ದೃಢಬುದ್ಧಿಯವರು, ಏಕಾಗ್ರಚಿತ್ತರು, ಇವರು ಚಲಚಿತ್ತರು. ಚಿತ್ತ ಸ್ಥಿರವಾಗಿದ್ದವರಿಗೆ ದೋಷವು ತಾನಾಗಿ ಎದ್ದು ಕಾಣುತ್ತಿತ್ತು. ಚಿತ್ತ ಚಂಚಲವಾದ ನಮಗೆ ದೋಷವಾಯಿತೆಂಬುದೇ ತಿಳಿಯುವುದಿಲ್ಲ. ಆದುದರಿಂದ ನೇಮ ತಪ್ಪದೆ, ಮತ್ತೆ ಮತ್ತೆ ನೋಡಿಕೊಳ್ಳಬೇಕು. ಅಲೆ ವೇಗವಾದಷ್ಟೂ ಅಳತೆ ದಟ್ಟವಾಗಬೇಕೆಂಬ ಪ್ರಮೇಯವನ್ನು ಓದಿದಾಗ ನನಗೆ ಮೊದಲು ನೆನಪಾದುದು ಈ ಮಾತು.

ಶ್ರವಣಬೆಳಗೊಳದ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕಷಾಯಗಳ ವಾಸನಾಕಾಲವನ್ನು ಹೇಳಿದ್ದಾರೆ. ಸಂಜ್ವಲನದ್ದು ಅಂತರ್ಮುಹೂರ್ತ, ಎಂದರೆ ೪೮ ನಿಮಿಷಕ್ಕಿಂತ ಕಡಿಮೆ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅನಂತಾನುಬಂಧಿಯದು ಭವಭವಾಂತರ. ಕ್ರೋಧಕ್ಕೆ ಕೊಟ್ಟ ಉಪಮೆಗಳೂ ಪ್ರಸಿದ್ಧವಾದುವೇ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಕಲ್ಲಿನ ಗೆರೆಯನ್ನು ವರ್ಷಕ್ಕೊಮ್ಮೆ ನೋಡಿದರೂ ಕಾಣುತ್ತದೆ. ಆರು ತಿಂಗಳ ಮುನಿಸನ್ನು ಪಕ್ಷಕ್ಕೊಮ್ಮೆ ಕುಳಿತವನು ಹಿಡಿಯಬಲ್ಲ. ಒಂದು ಪಕ್ಷದ ಮುನಿಸನ್ನು ದಿನವೂ ನೋಡಿಕೊಳ್ಳುವವನು ಹಿಡಿಯಬಲ್ಲ. ನೀರಿನ ಗೆರೆಯ ಗತಿಯೇನು? ಮಧ್ಯಾಹ್ನ ಸೊಸೆಯ ಮೇಲೆ ರೇಗಿ, ಅರ್ಧ ಗಂಟೆಯಲ್ಲಿ ತಣ್ಣಗಾದ ಮಾವನು, ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ತನ್ನ ಚಿತ್ತವನ್ನು ನೋಡಿ ಶಾಂತವಾಗಿದೆ ಎಂದುಕೊಳ್ಳುತ್ತಾನೆ. ಬೆಳಗ್ಗೆಯೂ ಶಾಂತ, ಸಂಜೆಯೂ ಶಾಂತ. ಸಮಮಟ್ಟವನ್ನು ದಾಟುವ ಕ್ಷಣಗಳಲ್ಲಿಯೇ ಅಲೆಯನ್ನು ಅಳೆದವನಂತೆ ಅವನ ಪುಸ್ತಕದಲ್ಲೆಲ್ಲ ಸೊನ್ನೆ. ಸೊಸೆಯ ಪುಸ್ತಕದಲ್ಲಿ ಹಾಗಿರುವುದಿಲ್ಲ.

ಇದಕ್ಕೆ ಪರಿಹಾರವೂ ಪ್ರತಿಕ್ರಮಣದ ಸ್ವರೂಪದಲ್ಲಿಯೇ ಇದೆ. ಅದು ‘ಈಗ ನಾನು ಹೇಗಿದ್ದೇನೆ?’ ಎಂದು ಕೇಳುವುದಿಲ್ಲ, ‘ನಡುವೆ ಏನಾಯಿತು?’ ಎಂದು ಕೇಳುತ್ತದೆ. ಆಲೋಚನೆಯೆಂದರೆ ಕಳೆದ ಹೊತ್ತನ್ನು ಹೆಜ್ಜೆಹೆಜ್ಜೆಯಾಗಿ ಮರಳಿ ನಡೆಯುವುದು. ಧ್ವನಿಮುದ್ರಣ ಯಂತ್ರಕ್ಕೆ ಎರಡು ಬಿಂದುಗಳ ನಡುವಣದ್ದನ್ನು ನೆನೆಯುವ ಶಕ್ತಿಯಿಲ್ಲ, ಜೀವಕ್ಕೆ ಇದೆ. ಆ ಶಕ್ತಿಯನ್ನು ಬಳಸದೆ ಪಾಠವನ್ನು ಮಾತ್ರ ಒಪ್ಪಿಸಿ ಏಳುವವನು ಎರಡು ಸಲ ಕುಳಿತಿರಬಹುದು, ಒಂದು ಸಲವೂ ಅಳೆದಿರುವುದಿಲ್ಲ.

ಬಸದಿಯ ಲೆಕ್ಕದಲ್ಲಿ

ಈ ಪತ್ರಿಕೆಯನ್ನು ಓದುವ ಟ್ರಸ್ಟಿನ ಪದಾಧಿಕಾರಿಗಳಿಗೂ ಒಂದು ಮಾತು. ವರ್ಷದ ಜಮಾಖರ್ಚಿನ ತಖ್ತೆಯು ಮಾರ್ಚ್ ೩೧ರ ಒಂದು ಬಿಂದು. ಆ ದಿನ ನಗದು ಶಿಲ್ಕು ಸರಿಯಾಗಿದೆಯೆಂದರೆ ಆ ದಿನ ಸರಿಯಾಗಿದೆಯೆಂದಷ್ಟೇ ಅರ್ಥ. ದೇವದ್ರವ್ಯವನ್ನು ಏಪ್ರಿಲಿನಲ್ಲಿ ಸ್ವಂತ ವ್ಯಾಪಾರಕ್ಕೆ ತೊಡಗಿಸಿ ಮಾರ್ಚಿನ ಕೊನೆಯ ವಾರದಲ್ಲಿ ಮರಳಿ ಕಟ್ಟಿದ ಕೋಶಾಧಿಕಾರಿ ಒಬ್ಬನಿದ್ದನೆಂದು ಊಹಿಸಿಕೊಳ್ಳೋಣ. ವರ್ಷಕ್ಕೊಂದೇ ಬಿಂದುವನ್ನು ನೋಡಿ ತೃಪ್ತವಾಗುವ ಸಮಿತಿಗೆ ಅವನು ಹತ್ತು ವರ್ಷವೂ ನಿಷ್ಕಳಂಕನಾಗಿಯೇ ಕಾಣುವನು. ನೋಡುವ ಹೊತ್ತು ಮೊದಲೇ ಗೊತ್ತಿದ್ದರೆ ಅಲೆಯು ಆ ಹೊತ್ತಿಗೆ ಸರಿಯಾಗಿ ಸಮಮಟ್ಟಕ್ಕೆ ಬಂದು ನಿಲ್ಲಬಲ್ಲದು.

ಲೆಕ್ಕಪರಿಶೋಧಕರು ಈ ಮಿತಿಯನ್ನು ಅರಿತವರು. ಅವರು ಪ್ರತಿಯೊಂದು ವೋಚರನ್ನೂ ನೋಡುವುದಿಲ್ಲ, ಆಯ್ದು ನೋಡುತ್ತಾರೆ. ಆದುದರಿಂದಲೇ ಅವರ ವರದಿಯು ‘ನಮ್ಮ ಅಭಿಪ್ರಾಯದಲ್ಲಿ’ ಎಂದು ಹೇಳುತ್ತದೆ. ಬಿ.ಕಾಂ. ಓದುವಾಗ ಈ ಮಾತು ನನಗೆ ಜಾರಿಕೊಳ್ಳುವ ಉಪಾಯದಂತೆ ಕಂಡಿತ್ತು. ಈಗ ಅದು ಪ್ರಾಮಾಣಿಕತೆಯಂತೆ ಕಾಣುತ್ತದೆ. ಸಮಿತಿಗಳು ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಹುಂಡಿಯನ್ನೂ ನಗದನ್ನೂ ಬ್ಯಾಂಕಿನ ಪುಸ್ತಕವನ್ನೂ ತಿಂಗಳಿಗೊಮ್ಮೆ, ದಿನವನ್ನು ಮುಂಚಿತವಾಗಿ ತಿಳಿಸದೆ, ಇಬ್ಬರು ಕೂಡಿ ನೋಡಬೇಕು. ಇದರಿಂದ ಕೋಶಾಧಿಕಾರಿಗೆ ಅವಮಾನವಿಲ್ಲ. ದಟ್ಟವಾಗಿ ನೋಡಿದ ಲೆಕ್ಕವೇ ನಿರ್ದೋಷಿಯಾದ ಕೋಶಾಧಿಕಾರಿಯನ್ನು ಊರಿನ ಗಾಳಿಮಾತಿನಿಂದ ಕಾಪಾಡುವುದು. ಒಂದು ದಿನ ಬೀಗದ ಕೈ ಅವರ ಜೇಬಿನಲ್ಲಿದ್ದುದನ್ನು ಕಂಡು ಕಥೆ ಕಟ್ಟುವವರಿಗೆ ಉತ್ತರ ಕೊಡುವುದೂ ಅದೇ.

ಕಾಣಿಸಿಕೊಳ್ಳುವವರ ಕರ್ತವ್ಯ

ಇಲ್ಲಿಯವರೆಗೆ ಕಾಣುವವನ ಕರ್ತವ್ಯವನ್ನು ಹೇಳಿದ್ದಾಯಿತು. ಪ್ರಮೇಯದಲ್ಲಿ ಇನ್ನೊಂದು ಪಕ್ಷವೂ ಇದೆ. ಅಲೆಯು ನುಣುಪಾದಷ್ಟೂ ಕಡಿಮೆ ಬಿಂದುಗಳು ಸಾಕು. ದಶಧರ್ಮ​ಗಳಲ್ಲಿ ಮೂರನೆಯದಾದ ಆರ್ಜವವು ಇದನ್ನೇ ಬೇಡುತ್ತದೆಂದು ನನಗೆ ತೋರುತ್ತದೆ. ಮನಸ್ಸಿನಲ್ಲಿದ್ದುದು ಮಾತಿನಲ್ಲಿ, ಮಾತಿನಲ್ಲಿದ್ದುದು ಕೃತಿಯಲ್ಲಿ. ಅಂಥವರನ್ನು ಬಸದಿಯಲ್ಲಿ ಕಂಡರೂ ಒಂದೇ, ಅಂಗಡಿಯಲ್ಲಿ ಕಂಡರೂ ಒಂದೇ, ರೈಲಿನ ನೂಕುನುಗ್ಗಲಿನಲ್ಲಿ ಕಂಡರೂ ಒಂದೇ. ಅವರನ್ನು ಎರಡು ಸಲ ಕಂಡವನು ಇಡೀ ಕಂಡಂತೆ. ಮಾಯೆಯೆಂದರೆ ಇನ್ನೇನು? ಯಾರಾದರೂ ನೋಡುವ ಬಿಂದುಗಳಲ್ಲಿ ಒಂದು ರೀತಿ, ಅವುಗಳ ನಡುವೆ ಇನ್ನೊಂದು ರೀತಿ.

ಸಮಸ್ತ ದ್ರವ್ಯಗಳನ್ನೂ ಅವುಗಳ ಸಮಸ್ತ ಪರ್ಯಾಯಗಳನ್ನೂ ಏಕಕಾಲದಲ್ಲಿ ಅರಿಯುವುದು ಕೇವಲಜ್ಞಾನ. ಅಲ್ಲಿ ಬಿಂದುವಿಲ್ಲ, ನಡುವೆ ಬಿಟ್ಟುಹೋದ ಹೊತ್ತಿಲ್ಲ, ಗೆರೆ ಎಳೆದು ಕೂಡಿಸುವ ಅಗತ್ಯವಿಲ್ಲ. ಛದ್ಮಸ್ಥರಾದ ನಮಗೆ ಬಿಂದುಗಳೇ ಗತಿ. ಅದು ನಮ್ಮ ಅಪರಾಧವಲ್ಲ, ನಮ್ಮ ಸ್ಥಿತಿ. ಕಂಡುದು ಬಿಂದುವೆಂಬುದನ್ನು ಮರೆತು ಅಲೆಯೆಂದು ಸಾರಿದರೆ ಮಾತ್ರ ಅಪರಾಧ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ನಾವು ಎಲ್ಲರ ಮುಂದೆಯೂ ಕೈ ಜೋಡಿಸಿ, ತಿಳಿದೋ ತಿಳಿಯದೆಯೋ ಆದ ತಪ್ಪುಗಳಿಗೆ ಕ್ಷಮೆ ಕೇಳುತ್ತೇವೆ. ಎಲ್ಲರಿಗೂ ಒಂದೇ ಮಾತು. ಆದುದರಿಂದ ಅದು ಯಾರನ್ನೂ ಅಷ್ಟಾಗಿ ಮುಟ್ಟುವುದಿಲ್ಲ. ಆ ಗುಮಾಸ್ತರ ಮನೆಯಿಂದ ಮರಳಿದ ವರ್ಷದಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪ್ರತಿವರ್ಷ ಆ ದಿನ ಒಬ್ಬರನ್ನಾದರೂ, ನಾನು ಮನಸ್ಸಿನಲ್ಲಿ ‘ಇಂಥವರು’ ಎಂದು ಬರೆದು ಮುಗಿಸಿದ ಒಬ್ಬರನ್ನು, ಹುಡುಕಿಕೊಂಡು ಹೋಗಿ, ನಾನು ಕಾಣದ ಹೊತ್ತಿನಲ್ಲಿ ಅವರ ಬದುಕು ಹೇಗೆ ನಡೆಯುತ್ತದೆಂದು ಕೇಳುತ್ತೇನೆ. ಪ್ರತಿ ಸಲವೂ ನನ್ನ ಗೆರೆಯನ್ನು ಅಳಿಸಿ ಬೇರೆ ಎಳೆಯಬೇಕಾಗಿದೆ. ವಾಚಕ ಬಂಧುಗಳೂ ಈ ವರ್ಷ ಒಬ್ಬರನ್ನು ಹೀಗೆ ಕೇಳಿ ನೋಡಬೇಕೆಂದು ವಿನಂತಿಸುತ್ತೇನೆ.